ಹೊಟ್ಟೆಯ ಗಾಳಿ ಎಲ್ಲಿ ಹೋಯಿತೆಂದು ಕೇಳಿದವರು

ಅವರು ಯಾರನ್ನೂ ನಂಬುತ್ತಿರಲಿಲ್ಲ. ನಾನು ಅವರನ್ನು ನಂಬುತ್ತಿರಲಿಲ್ಲ. ಹೀಗೆ ಒಂದೇ ಸೂರಿನ ಕೆಳಗೆ ಐದು ವರ್ಷ ಕೆಲಸ ಮಾಡಿದೆವು. ಕಳೆದ ತಿಂಗಳು ಅಂಕೋಲೆಯ ನನ್ನ ದವಾಖಾನೆಗೆ ಮಗುವಿನ ಕೆಮ್ಮು ತೋರಿಸಲು ಬಂದ ಬಿಣಗಾ ಕಡೆಯವರೊಬ್ಬರು, ಔಷಧಿ ಚೀಟಿ ಮಡಚಿ ಕಿಸೆಗೆ ಹಾಕಿಕೊಳ್ಳುತ್ತ, "ನಿಮ್ಮ ಎಕ್ಸರೇ ಮಾಮ ತೀರ್ಕೊಂಡ್ರು, ಗೊತ್ತಾಯ್ತಾ?" ಎಂದರು. ನನ್ನ ಬಾಯಿಂದ ಮೊದಲು ಹೊರಟದ್ದು ಅಯ್ಯೋ ಅಲ್ಲ, "ಯಾರು ಹೇಳಿದ್ದು?" ಎಂಬ ಮಾತು. ಯಾವ ಸುದ್ದಿಯನ್ನೂ ಎರಡು ಬಾಯಿಂದ ಕೇಳದೆ ನಂಬಬಾರದೆಂಬ ಅವರ ಚಾಳಿ ನನಗೂ ಅಂಟಿತ್ತೆಂದು ಕಾಣುತ್ತದೆ.

ಕಾರವಾರದ ಒಂದು ಸಣ್ಣ ಖಾಸಗಿ ನರ್ಸಿಂಗ್ ಹೋಮಿನಲ್ಲಿ ಅವರು ಎಕ್ಸರೇ ತೆಗೆಯುತ್ತಿದ್ದರು. ನಾನು ಮಕ್ಕಳ ವೈದ್ಯಳಾಗಿ ಅಲ್ಲಿಗೆ ಹೊಸದಾಗಿ ಸೇರಿದ್ದೆ. ಹೊಸ ಶತಮಾನ ಶುರುವಾಗಿ ಎರಡು ಮೂರು ವರ್ಷವಾಗಿತ್ತು. ಕೈಗೆ ಮೊಬೈಲ್ ಬಂದಿದ್ದರೂ ಸಿಗ್ನಲ್ ಬೇಕೆಂದರೆ ತಾರಸಿ ಹತ್ತಬೇಕಿತ್ತು. ಎಕ್ಸರೇ ಇನ್ನೂ ಫಿಲ್ಮಿನ ಮೇಲೆಯೇ ಬರುತ್ತಿತ್ತು. ಕತ್ತಲೆ ಕೋಣೆಯಲ್ಲಿ ಅದನ್ನು ತೊಳೆದು, ಹ್ಯಾಂಗರಿಗೆ ಸಿಕ್ಕಿಸಿ ಒಣಗಿಸಬೇಕು. ಆ ಕೋಣೆಯ ರಾಜ ಅವರು. ಸಣಕಲು ದೇಹ, ಅರ್ಧ ತೋಳಿನ ಬಿಳಿ ಅಂಗಿ, ಫಿಲ್ಮ್ ತೊಳೆಯುವ ದ್ರಾವಣದ ಹುಳಿ ವಾಸನೆ ಹತ್ತಿದ ಬೆರಳುಗಳು. ಯಾರು ಮಾತಾಡಿದರೂ ತಲೆಯನ್ನು ತುಸು ವಾಲಿಸಿ, ಒಂದು ಕಣ್ಣು ಕಿರಿದು ಮಾಡಿ ಕೇಳುವರು. ಆಗ ನಾವು ಹೇಳುತ್ತಿರುವುದು ನಿಜವೇ ಆಗಿದ್ದರೂ ನಮಗೇ ಅನುಮಾನ ಬರುತ್ತಿತ್ತು.

ಅವರ ಮೊದಲ ಪ್ರಶ್ನೆ ಎಲ್ಲರಿಗೂ ಒಂದೇ: "ಹೆಸ್ರು?" ಚೀಟಿಯಲ್ಲಿ ಹೆಸರು ಬರೆದಿರುತ್ತಿತ್ತು. ಆದರೂ ಕೇಳುವರು. ಮಗುವಿನ ತಾಯಿಗೆ ಕನ್ನಡದಲ್ಲಿ ಕೇಳಿ, ಆಮೇಲೆ ಹೊರಗೆ ನಿಂತ ತಂದೆಗೆ ಕೊಂಕಣಿಯಲ್ಲಿ ಬೇರೆಯಾಗಿ ಕೇಳಿ, ಎರಡೂ ಹೊಂದಿದರೆ ಮಾತ್ರ ಒಳಗೆ ಬಿಡುವರು. ಬಿದ್ದದ್ದು ಹೇಗೆ, ನೋವು ಎಂದಿನಿಂದ, ಬೆಳಿಗ್ಗೆ ಏನು ತಿಂದದ್ದು, ಎಲ್ಲವೂ ಹೀಗೇ. ನರ್ಸ್ ಹುಡುಗಿಯರು, "ಮಾಮ, ನೀವು ಪೊಲೀಸ್ ಇಲಾಖೆಗೆ ಸೇರೂದು ಬಿಟ್ಟು ಇಲ್ಲಿಗೆ ಎಂತಕ್ಕೆ ಬಂದ್ರಿ?" ಎಂದು ಕಾಡುತ್ತಿದ್ದರು. "ಪೊಲೀಸ್ರನ್ನ ನಂಬೂದು ಹ್ಯಾಂಗೆ?" ಎಂಬುದು ಅವರ ಉತ್ತರ.

ಭಾನುವಾರದ ಸಂತೆಯಲ್ಲಿ ಒಮ್ಮೆ ಅವರನ್ನು ಕಂಡೆ. ಬಂಗಡೆಯ ಕಿವಿರು ಎತ್ತಿ ನೋಡಿದರು, ಕಣ್ಣು ಒತ್ತಿದರು, ಮೂಸಿದರು, ಬೆನ್ನು ಬಾಗಿಸಿದರು, ಮತ್ತೆ ಕಿವಿರು ಎತ್ತಿದರು. ಮೀನು ಮಾರುವ ಹೆಂಗಸು ಸೊಂಟಕ್ಕೆ ಕೈಯಿಟ್ಟು, "ಇನ್ನು ಎಕ್ಸರೇ ಒಂದು ತೆಗೀರಿ ಮಾಮ, ಅದೊಂದೇ ಬಾಕಿ" ಎಂದಳು. ಸುತ್ತಲಿನವರು ನಕ್ಕರು. ಅವರು ನಗಲಿಲ್ಲ, ಪಕ್ಕದ ಬುಟ್ಟಿಗೆ ಹೋದರು.

ಅವರ ಸಂಶಯವೆಲ್ಲ ನಿಜವಾಗುತ್ತಿತ್ತೆಂದು ತಿಳಿಯಬೇಡಿ. ಒಮ್ಮೆ ಮಲ್ಲಾಪುರದ ಕಾಲನಿಯಿಂದ ಗಂಡ ಹೆಂಡತಿ ಮಗನನ್ನು ಕರೆತಂದರು, ಮುಂಗೈ ಮೂಳೆ ಮುರಿದಿತ್ತು. ಮಂಚದಿಂದ ಬಿದ್ದ ಎಂದು ತಾಯಿ ಹೇಳಿದಳು. ಇವರು ನನ್ನ ಕೋಣೆಗೆ ಬಂದು, ಬಾಗಿಲು ಹಾಕಿ, "ಮಂಚ ಅಲ್ಲ ಡಾಕ್ಟರಬಾಯಿ. ಅಪ್ಪ ಹೊಡೆದದ್ದು" ಎಂದರು. ನಾನು ಎಳಸು. ನಂಬಿ, ಆ ತಂದೆಯನ್ನು ಕೂರಿಸಿ ವಿಚಾರಣೆ ಶುರುಮಾಡಿದೆ. ಆ ಮನುಷ್ಯನ ಮುಖ ಕಪ್ಪಿಟ್ಟಿತು. ಕೊನೆಗೆ ತಾಯಿ ಅಳುತ್ತ ಹೇಳಿದ್ದು: ಹುಡುಗ ಪೇರಲೆ ಮರ ಹತ್ತಿ ಬಿದ್ದದ್ದು, ಮರ ಹತ್ತಗೊಡಬೇಡ ಎಂದು ಗಂಡ ಹೇಳಿದ್ದರಿಂದ ಮುಚ್ಚಿಟ್ಟದ್ದು. ನಾನು ಕ್ಷಮೆ ಕೇಳಿದೆ. ಎಕ್ಸರೇ ಮಾಮ ಮಾತ್ರ, "ಮಂಚ ಅಲ್ಲ ಹೇಳಿ ನಾ ಹೇಳಿದ್ದು ಸರಿಯೇ ಆಯ್ತಲ್ಲ" ಎಂದು ಹೋದರು. ಅಂದಿನಿಂದ ನನಗೆ ಅವರ ಮಾತಿನ ಮೇಲೆ ಕಿಂಚಿತ್ತೂ ಭರವಸೆ ಉಳಿಯಲಿಲ್ಲ.

ಇದಲ್ಲದೆ ನಮ್ಮಿಬ್ಬರ ನಡುವೆ ಒಂದು ನಿತ್ಯದ ಜಗಳವಿತ್ತು. ನಾನು ಚೀಟಿಯಲ್ಲಿ ಎದೆ ಎಂದು ಬರೆದರೆ ಅವರು ಕೂಸಿನ ಕುತ್ತಿಗೆಯಿಂದ ಹೊಟ್ಟೆಯ ತಳದವರೆಗೆ ತೆಗೆದು ಕಳಿಸುವರು. ಬೇಡದ ಕಡೆ ಕಿರಣ ಬೀಳಿಸಬಾರದು ಎಂದು ಕಾಲೇಜಿನಲ್ಲಿ ನಮಗೆ ಬಾಯಿಪಾಠ ಮಾಡಿಸಿದ್ದರು. ಎಷ್ಟು ಸಲ ಹೇಳಿದರೂ ಅಷ್ಟೇ. "ಸಣ್ಣ ಮಕ್ಕಳಲ್ಲಿ ಎದೆ ಎಲ್ಲಿ ಮುಗೀತದೆ, ಹೊಟ್ಟೆ ಎಲ್ಲಿ ಶುರುವಾಗ್ತದೆ, ಗೆರೆ ಎಳೆದು ಇಟ್ಟದೆಯಾ?" ಎನ್ನುವರು. ಕಿರಣದ ಚೌಕ ಹೊಂದಿಸಲು ಬಾರದ ಸೋಮಾರಿತನಕ್ಕೆ ಇದೊಂದು ನೆಪ ಎಂದು ನಾನು ತಿಳಿದಿದ್ದೆ. ಕತ್ತಲೆ ಕೋಣೆಯಲ್ಲಿ ಅಷ್ಟು ಹೊತ್ತು ಬಾಗಿಲು ಹಾಕಿಕೊಂಡು ಏನು ಮಾಡುತ್ತಾರೆ ಎಂಬುದೂ ನನಗೊಂದು ಅನುಮಾನ. ಕುಡಿಯುತ್ತಾರೆ ಎಂದೇ ನನ್ನ ಲೆಕ್ಕ. ಒಂದು ದಿನ ಇದ್ದಕ್ಕಿದ್ದಂತೆ ಬಾಗಿಲು ಬಡಿದೆ. ತೊಟ್ಟಿಕ್ಕುವ ಫಿಲ್ಮ್ ಹಿಡಿದು ಹೊರಬಂದು, ಒಂದು ಕಣ್ಣು ಕಿರಿದು ಮಾಡಿ, "ವಾಸನೆ ನೋಡೂಕೆ ಬಂದ್ರಾ?" ಎಂದರು. ನಾನು ವಾಪಸು ಹೋದೆ.

ಹೀಗಿರುವಾಗ ಒಂದು ಭಾನುವಾರ ನರ್ಸಿಂಗ್ ಹೋಮಿನ ಹಿರಿಯ ಡಾಕ್ಟರು ಮದುವೆಗೆಂದು ಹುಬ್ಬಳ್ಳಿಗೆ ಹೋಗಿದ್ದರು. ಬೆಳಿಗ್ಗೆ ಹತ್ತರ ಸುಮಾರಿಗೆ ಅಂಕೋಲೆ ಹತ್ತಿರದ ಬೆಳಂಬಾರದಿಂದ ಒಂದು ಟೆಂಪೋದಲ್ಲಿ ತಾಯಿ ಮತ್ತು ಅಜ್ಜಿ ಹತ್ತು ತಿಂಗಳ ಹೆಣ್ಣು ಕೂಸನ್ನು ತಂದರು. ಕಡಲಿಗೆ ಹೋಗುವ ಮನೆಯವರು, ತಂದೆ ದೋಣಿಯಲ್ಲಿದ್ದ. ಹಿಂದಿನ ದಿನ ಕೂಸಿಗೆ ಮೊದಲ ಅನ್ನ ಉಣ್ಣಿಸುವ ಶಾಸ್ತ್ರ ಮಾಡಿದ್ದರು. ಆರು ತಿಂಗಳಿಗೆ ಆಗಬೇಕಾದದ್ದು, ಕೂಸಿಗೆ ಎರಡು ಸಲ ಕಫ ಕಟ್ಟಿತೆಂದು ಮುಂದೆ ಹೋಗಿತ್ತು. ಬಂದ ನೆಂಟರೆಲ್ಲ ಪ್ರೀತಿಯಿಂದ ಒಂದೊಂದು ಚಮಚ ಪಾಯಸ ಬಾಯಿಗೆ ಇಟ್ಟಿದ್ದರು. ಬೆಳಗಾಗುವಾಗ ವಾಂತಿ, ಆಮೇಲೆ ಉಸಿರು. ಈಗ ಪಕ್ಕೆ ಒಳಗೆ ಸೇದಿಕೊಳ್ಳುತ್ತಿತ್ತು, ತುಟಿ ನೀಲಿಗೆ ತಿರುಗುತ್ತಿತ್ತು.

"ಹೆಗಲ ಮೇಲೆ ಹಾಕ್ಕಂಡ್ರೆ ಕೂಸಿನ ಎದೆಯಲ್ಲಿ ಗುಳುಗುಳು ಹೇಳ್ತದೆ ಡಾಕ್ಟರಬಾಯಿ. ಹುಟ್ಟಿದಾಗಿಂದ್ಲೂ ಹೀಂಗೇ" ಎಂದು ಅಜ್ಜಿ ನನ್ನ ಹಿಂದೆ ಹಿಂದೆಯೇ ಬಂದು ಹೇಳಿದಳು.

"ಅದು ಕಫ ಅಜ್ಜಿ" ಎಂದೆ, ತಿರುಗಿಯೂ ನೋಡದೆ.

ಸ್ಟೆತಸ್ಕೋಪ್ ಇಟ್ಟೆ. ಎಡಗಡೆ ಉಸಿರಾಟದ ಶಬ್ದವೇ ಇಲ್ಲ. ಹೃದಯದ ಬಡಿತ ಬಲಗಡೆಗೆ ಸರಿದಿತ್ತು. ಆಮ್ಲಜನಕ ಹಚ್ಚಿ ಎಕ್ಸರೇಗೆ ಕಳಿಸಿದೆ. ರಜೆಯಲ್ಲಿದ್ದ ಮಾಮನಿಗೆ ಹೇಳಿ ಕಳಿಸಿದಾಗ ಅವರು ಸಂತೆಯಿಂದಲೇ ಓಡಿಬಂದರು, ಮೀನಿನ ಚೀಲವನ್ನು ಬಾಗಿಲ ಚಿಲಕಕ್ಕೆ ಸಿಕ್ಕಿಸಿ ಒಳಗೆ ಹೋದರು. ಕೂಸನ್ನು ಹಿಡಿದುಕೊಳ್ಳಲು ಅಜ್ಜಿಯೇ ಜೊತೆಗೆ ಹೋದಳು. ಅವರ ಪ್ರಶ್ನೆಗಳು ಶುರುವಾದದ್ದು ನನಗೆ ಹೊರಗೆ ಕೇಳುತ್ತಿತ್ತು. ಹಾಲು ಎಷ್ಟು ಗಂಟೆಗೆ? ವಾಂತಿ ಯಾವ ಬಣ್ಣ? ಗುಳುಗುಳು ಎಲ್ಲಿ, ಕೈಯಿಟ್ಟು ತೋರ್ಸಿ. ಈ ಹೊತ್ತಿನಲ್ಲೂ ಇವರ ತನಿಖೆಯೇ ಎಂದು ನನಗೆ ಮೈ ಉರಿಯಿತು.

ಹಸಿ ಫಿಲ್ಮನ್ನು ಬೆಳಕಿಗೆ ಹಿಡಿದೆ. ಎಡ ಎದೆಯಲ್ಲಿ ದೊಡ್ಡ ಕಪ್ಪು. ಹೃದಯ ಬಲಕ್ಕೆ ತಳ್ಳಿಹೋಗಿದೆ. ಶ್ವಾಸಕೋಶ ಒಡೆದು ಗಾಳಿ ಎದೆಗೂಡಿನಲ್ಲಿ ತುಂಬಿಕೊಂಡಿದೆ, ತಡಮಾಡಿದರೆ ಕೂಸು ಉಳಿಯುವುದಿಲ್ಲ. ಪಕ್ಕೆಗೆ ಸೂಜಿ ಚುಚ್ಚಿ ಗಾಳಿ ಹೊರಗೆ ಬಿಡಬೇಕು, ನಳಿಗೆ ಹಾಕಬೇಕು. ನನಗೆ ಯಾವ ಸಂಶಯವೂ ಇರಲಿಲ್ಲ. ತಾಯಿ ಮತ್ತು ಅಜ್ಜಿಯನ್ನು ಹಸಿರು ಪರದೆಯ ಆಚೆಗೆ ಕಳಿಸಿ, ನರ್ಸ್‌ಗೆ ತಟ್ಟೆ ತರಲು ಹೇಳಿ, ಕೈಗವಸು ಹಾಕಿಕೊಂಡು ಸೂಜಿ ಎತ್ತಿಕೊಂಡೆ.

ಮಾಮ ಒಳಗೆ ಬಂದು ನಿಂತರು.

"ಡಾಕ್ಟರಬಾಯಿ, ಹೊಟ್ಟೆ ನೋಡಿದ್ರಾ?"

"ನಾನು ಕೇಳಿದ್ದು ಎದೆ."

"ಎದೆ ನೋಡಿದ್ರಿ. ಹೊಟ್ಟೆಯೂ ಬಂದದೆ, ನೋಡಿ. ಹೊಟ್ಟೆಯಲ್ಲಿ ಗಾಳಿಯೇ ಇಲ್ಲ. ಪಾಯಸ ತಿಂದ ಕೂಸು, ಅಂಕೋಲೆಯಿಂದ ಇಲ್ಲೀವರೆಗೆ ಅಳ್ತಾ ಬಂದ ಕೂಸು. ಗಾಳಿ ನುಂಗಿರ್ಲೇಬೇಕು. ಎಲ್ಲಿ ಹೋಯ್ತು ಅದು?"

ಯಾವ ಮಗುವಿನ ಹೊಟ್ಟೆಯ ಎಕ್ಸರೇಯಲ್ಲೂ ಕರುಳಿನ ಗಾಳಿ ಕಪ್ಪು ಗುಳ್ಳೆ ಗುಳ್ಳೆಯಾಗಿ ಕಾಣುತ್ತದೆ. ಇದರಲ್ಲಿ ಹೊಟ್ಟೆ ಬರೀ ಬೂದು ಬಣ್ಣ. ನಾನು ಕಂಡೆ. ಕಂಡರೂ ಒಪ್ಪಲಿಲ್ಲ.

"ಇದು ನಿಮ್ಮ ಕೆಲಸ ಅಲ್ಲ. ಹೊರಗೆ ಹೋಗಿ" ಎಂದೆ.

"ಹೋಗ್ತೇನೆ. ಮೊದ್ಲು ಮೂಗಿಂದ ಹೊಟ್ಟೆಗೆ ಒಂದು ನಳಿಗೆ ಇಳ್ಸಿ. ಒಂದು ಫಿಲ್ಮ್ ತೆಗೀತೇನೆ. ನಳಿಗೆ ಹೊಟ್ಟೆಯಲ್ಲಿ ಕಂಡ್ರೆ ನೀವು ಚುಚ್ಚಿ. ನಾಳೆಯಿಂದ ನಾ ಈ ಬಾಗ್ಲು ತುಳಿಯೂದಿಲ್ಲ."

"ನೀವು ಹೇಳಿದ್ದು ತಪ್ಪಾದ್ರೆ ಆ ಹತ್ತು ನಿಮಿಷದಲ್ಲಿ ಕೂಸು ಸಾಯ್ತದೆ. ಗೊತ್ತುಂಟಾ?"

"ಗೊತ್ತದೆ" ಎಂದರು. "ನೀವು ಹೇಳಿದ್ದು ತಪ್ಪಾದ್ರೆ?"

ಪೇರಲೆ ಮರದ ಹುಡುಗನ ತಂದೆಯ ಮುಖ ನನಗೆ ನೆನಪಾಯಿತು. ಈ ಮನುಷ್ಯನ ಮಾತು ಕೇಳಿ ಒಮ್ಮೆ ಕೆಟ್ಟಿದ್ದೇನೆ, ಎಲ್ಲರಿಗಿಂತ ತಾನೇ ಬುದ್ಧಿವಂತ ಎಂದು ತೋರಿಸಲು ಕೂಸಿನ ಜೀವದ ಜೊತೆ ಆಡುತ್ತಿದ್ದಾರೆ ಎಂದೇ ಅನಿಸಿತು. ಆದರೂ ಅವರ ಕೊನೆಯ ಪ್ರಶ್ನೆಯನ್ನು ದಾಟಿ ಹೋಗಲಾಗಲಿಲ್ಲ. ಸ್ಟೆತಸ್ಕೋಪನ್ನು ಇನ್ನೊಮ್ಮೆ ಎಡ ಎದೆಗೆ ಇಟ್ಟೆ, ಈ ಸಲ ಉಸಿರನ್ನು ಹುಡುಕದೆ ಸುಮ್ಮನೆ ಕೇಳಿದೆ. ಗುಳುಗುಳು. ಹೊಟ್ಟೆಯಲ್ಲಿ ಕೇಳಬೇಕಾದ ಶಬ್ದ, ಎದೆಯಲ್ಲಿ. ಅಜ್ಜಿ ಹೇಳಿದ್ದು ಅಕ್ಷರಶಃ ಅದೇ.

ಸೂಜಿಯನ್ನು ತಟ್ಟೆಯಲ್ಲಿ ಇಟ್ಟೆ.

ಮೂಗಿನಿಂದ ನಳಿಗೆ ಇಳಿಸಿದಾಗ ಪುಸ್ಸೆಂದು ಗಾಳಿ ಬಂತು, ಒಡೆದ ಹಾಲು ಬಂತು. ಕೂಸಿನ ತುಟಿಯ ನೀಲಿ ತುಸು ಇಳಿಯಿತು. ಎರಡನೇ ಫಿಲ್ಮಿನಲ್ಲಿ ಆ ನಳಿಗೆ ಹೊಟ್ಟೆಗೆ ಹೋಗದೆ ಮೇಲಕ್ಕೆ ತಿರುಗಿ ಎಡ ಎದೆಯೊಳಗೆ ಸುರುಳಿ ಸುತ್ತಿ ಕೂತಿತ್ತು. ಎದೆಗೂ ಹೊಟ್ಟೆಗೂ ನಡುವೆ ಅಡ್ಡಗೋಡೆಯಂತೆ ಇರುವ ಸ್ನಾಯುವಿಗೆ ವಪೆ ಎನ್ನುತ್ತಾರೆ. ಈ ಕೂಸಿಗೆ ಆ ವಪೆಯಲ್ಲಿ ಹುಟ್ಟುವಾಗಲೇ ಒಂದು ತೂತು. ಅದರಿಂದ ಕರುಳು ಆಗಾಗ ಮೇಲೆ ಹೋಗಿ ಬಂದು ಮಾಡುತ್ತಿದ್ದದ್ದನ್ನೇ ಎಲ್ಲರೂ ಕಫ ಎಂದದ್ದು. ಈ ಸಲ ಪಾಯಸದಿಂದ ಉಬ್ಬಿದ ಹೊಟ್ಟೆಯೂ ಮೇಲೇರಿ ಸಿಕ್ಕಿಕೊಂಡಿತ್ತು. ನಾನು ಕಂಡ ಆ ದೊಡ್ಡ ಕಪ್ಪು ಒಡೆದ ಶ್ವಾಸಕೋಶದ ಗಾಳಿಯಲ್ಲ, ಕೂಸಿನ ಜಠರ. ನಾನು ಚುಚ್ಚಲು ಹೊರಟದ್ದು ಅದಕ್ಕೆ.

ಗೋವಾದ ಒಂದು ದೊಡ್ಡ ಆಸ್ಪತ್ರೆಗೆ ಫೋನ್ ಮಾಡಿ ಹೊರಟೆವು. ನಳಿಗೆಯನ್ನು ತೆರೆದಿಟ್ಟು, ಆಮ್ಲಜನಕ ಹಚ್ಚಿ, ಕೂಸಿನ ತಲೆ ಎತ್ತರಿಸಿ ಎಡಮಗ್ಗುಲಿಗೆ ಮಲಗಿಸಿಕೊಂಡು ನಾನೇ ಕೂತೆ. ಉಸಿರು ನಿಂತಂತಾದರೂ ಮುಖಕ್ಕೆ ಉಸಿರು ಕೊಡುವ ರಬ್ಬರ್ ಚೀಲ ಒತ್ತಿ ಗಾಳಿ ತುಂಬಬಾರದು, ತುಂಬಿದರೆ ಜಠರ ಮತ್ತೆ ಉಬ್ಬುತ್ತದೆ ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಕಾಳಿ ಸೇತುವೆ ದಾಟುವಾಗ ಅಜ್ಜಿ ಕಿಟಕಿಯಿಂದ ಕಡಲ ಕಡೆಗೆ ಕೈ ಮುಗಿದಳು. ನಾನೂ ಮನಸ್ಸಿನಲ್ಲೇ ಮುಗಿದೆ.

ಅಲ್ಲಿಯ ಸರ್ಜನ್ ಕೂಸಿನ ಉಸಿರು ಸ್ಥಿರವಾಗುವವರೆಗೆ ಕಾದು, ಮರುದಿನ ಹೊಟ್ಟೆ ತೆರೆದು, ಜಠರ, ಕರುಳು, ಗುಲ್ಮ ಎಲ್ಲವನ್ನೂ ಕೆಳಗಿಳಿಸಿ, ವಪೆಯ ತೂತನ್ನು ಹೊಲಿದರು. ಹೊರಬಂದು ನನ್ನನ್ನು ಕರೆದರು. ಇಂಥ ಎಷ್ಟೋ ಮಕ್ಕಳು ಪಕ್ಕೆಗೆ ನಳಿಗೆ ಹಾಕಿಸಿಕೊಂಡು, ಜಠರ ತೂತಾಗಿ ತಮ್ಮ ಕೈಗೆ ಬರುತ್ತವೆ ಎಂದರು. "ಮೊದಲೇ ಮೂಗಿನಿಂದ ನಳಿಗೆ ಹಾಕಿ ಫಿಲ್ಮ್ ತೆಗೆಯಬೇಕೆಂದು ನಿಮಗೆ ಹೊಳೆದದ್ದು ಹೇಗೆ?" ಎಂದು ಕೇಳಿದರು.

ನಾನು, "ಹೊಟ್ಟೆಯಲ್ಲಿ ಗಾಳಿ ಕಾಣಲಿಲ್ಲ" ಎಂದೆ. ಅಷ್ಟೇ ಹೇಳಿದೆ. ಅವರು ನನ್ನ ಭುಜ ತಟ್ಟಿದರು. ಆ ತಟ್ಟಿದ ಜಾಗ ಇವತ್ತಿಗೂ ನನಗೆ ಹಿತವಾಗಿಲ್ಲ.

ಮೂರು ವಾರದ ಮೇಲೆ ಬೆಳಂಬಾರದವರು ಕೂಸನ್ನು ಎತ್ತಿಕೊಂಡು ಬಂದರು. ತಾಯಿ ನನ್ನ ಕಾಲಿಗೆ ಬಿದ್ದಳು. ಮಾಮ ಎಕ್ಸರೇ ಕೋಣೆಯ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದರು. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಕಾದೆ. ಅವರು ಕೂಸಿನ ಹೆಸರು ಕೇಳಿ, ಚೀಟಿಗೆ ಹೋಲಿಸಿ ನೋಡಿ, ಫಿಲ್ಮ್ ತೆಗೆದು ಕಳಿಸಿದರು. ಬೇರೇನೂ ಹೇಳಲಿಲ್ಲ.

ಅಲ್ಲಿಂದ ನನ್ನ ಸಂಶಯ ಬೇರೆ ದಾರಿ ಹಿಡಿಯಿತು. ಯಾಕೆ ಹೇಳಲಿಲ್ಲ? ಯಾವ ಕಾಲಕ್ಕೆಂದು ಕೂಡಿಟ್ಟುಕೊಂಡಿದ್ದಾರೆ? ಅವರು ಹಿರಿಯ ಡಾಕ್ಟರ ಜೊತೆ ಮಾತಾಡುತ್ತಿದ್ದರೆ ನನ್ನ ಬಗ್ಗೆಯೇ ಇರಬೇಕು ಅನಿಸುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ ನನ್ನದು. ಅವರ ಬಾಯಿ ಕಟ್ಟಲೆಂದೇ ಇರಬೇಕು, ಬೇಸಿಗೆಯಲ್ಲಿ ಊರಿನಿಂದ ಒಂದು ಡಜನ್ ಕರಿ ಈಶಾಡ ಮಾವಿನಹಣ್ಣು ತಂದುಕೊಟ್ಟೆ. ಮಾವಿನಹಣ್ಣು ನೋಡಿದರು, ನನ್ನನ್ನು ನೋಡಿದರು. "ಎಂತಕ್ಕೆ?" ಎಂದರು. ಸುಮ್ಮನೆ ಎಂದೆ. ಎಲ್ಲರೆದುರು ಒಂದನ್ನು ಕೊಯ್ದು, ಒಳಗೆ ಹುಳ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಉಳಿದದ್ದನ್ನು ನರ್ಸ್ ಹುಡುಗಿಯರಿಗೆ ಹಂಚಿದರು. ನನಗೆ ಸಿಟ್ಟು ಬಂತು, ನಾಚಿಕೆಯೂ ಆಯಿತು.

ಒಂದು ಮಾತ್ರ ಬದಲಾಯಿತು. ಯಾವ ಫಿಲ್ಮ್ ಬಂದರೂ ಮೊದಲು ಕೇಳಿದ ಜಾಗವನ್ನು ಬಿಟ್ಟು ಉಳಿದದ್ದನ್ನು ನೋಡುವುದು ನನಗೆ ರೂಢಿಯಾಯಿತು. "ಇದ್ದದ್ದು ಎಲ್ರಿಗೂ ಕಾಣ್ತದೆ. ಇರ್ಬೇಕಾದ್ದು ಇಲ್ಲ ಹೇಳಿ ಕಾಣೂಕೆ ಸಂಶಯ ಬೇಕು" ಎಂದು ಅವರು ಹೊಸ ನರ್ಸ್‌ಗೆ ಯಾವುದೋ ಕಾಣೆಯಾದ ಕತ್ತರಿಯ ವಿಷಯದಲ್ಲಿ ಹೇಳುತ್ತಿದ್ದದ್ದನ್ನು ಕೇಳಿಸಿಕೊಂಡಿದ್ದೆ. ಕದ್ದು ಕಲಿತ ವಿದ್ಯೆ ನನ್ನದು.

ಕಂಪ್ಯೂಟರಿನ ಎಕ್ಸರೇ ಯಂತ್ರ ಬರುವುದೆಂದು ಖಚಿತವಾದಾಗ ಅವರು ಕೆಲಸ ಬಿಟ್ಟರು. ಯಂತ್ರದ ಮೇಲೆ ಅವರಿಗೆ ನಂಬಿಕೆ ಬರಲಿಲ್ಲ ಎಂದು ಬೇರೆ ಹೇಳಬೇಕಿಲ್ಲ. ಕೊನೆಯ ದಿನ ಮಧ್ಯಾಹ್ನ ಅವರು ಹ್ಯಾಂಗರುಗಳನ್ನು ಒರೆಸಿಡುತ್ತಿದ್ದಾಗ ನಾನು ಹೋಗಿ ಕೇಳಿಯೇಬಿಟ್ಟೆ.

"ಮಾಮ, ಬೆಳಂಬಾರದ ಕೂಸಿನ ವಿಷಯ ನೀವು ಯಾರಿಗೂ ಹೇಳಲಿಲ್ಲ. ಯಾಕೆ?"

ಅವರು ಕೈ ನಿಲ್ಲಿಸಲಿಲ್ಲ. "ಹೇಳಿದ್ರೆ ಆ ಮನೆಯವ್ರು ಮುಂದಿನ ಸಲ ಕೂಸಿಗೆ ದಮ್ಮು ಹತ್ತಿದ್ರೆ ಡಾಕ್ಟ್ರ ಹತ್ರ ಬರ್ತಿದ್ರಾ? ಮನೇಲೇ ಕಾದ ಕಬ್ಬಿಣ ಇಟ್ಟು ಬರೆ ಹಾಕ್ತಿದ್ರು. ನಂಬ್ಲಿ ಬಿಡಿ. ಸಂಶಯ ಪಡೂಕೆ ನಾ ಇದ್ನಲ್ಲ, ಒಬ್ಬ ಸಾಕು." ಆಮೇಲೆ ಒಂದು ಕಣ್ಣು ಕಿರಿದು ಮಾಡಿ, "ಇಷ್ಟು ವರ್ಷದ ಮೇಲೆ ಇವತ್ತೇ ಎಂತಕ್ಕೆ ಕೇಳ್ತೀರಿ?" ಎಂದರು. ಅವರಿಗೆ ಥ್ಯಾಂಕ್ಸ್ ಹೇಳಬೇಕೆಂದು ಹೋದವಳು ಅದನ್ನು ಹೇಳದೆ ಬಂದೆ.

ಸಾವಿನ ಸುದ್ದಿ ನಿಜವೆಂದು ಇನ್ನೊಬ್ಬರಿಂದ ತಿಳಿದ ಮೇಲೆ, ಬಿಣಗಾದಲ್ಲಿ ಹೆದ್ದಾರಿಯ ಪಕ್ಕದ ಅವರ ಮನೆಗೆ ಹೋದೆ. ಅವರ ಹೆಂಡತಿಯನ್ನು ನಾನು ಅದೇ ಮೊದಲು ಕಂಡದ್ದು. ಜಗಲಿಯಲ್ಲಿ ಒಬ್ಬ ಮುದುಕಿ ಕೂತಿದ್ದಳು, ಪಕ್ಕದಲ್ಲಿ ಏಳೆಂಟು ವರ್ಷದ ಹುಡುಗಿ. ಬೆಳಂಬಾರದ ಅಜ್ಜಿ. ನೆಗಡಿಯಾದರೂ ಆ ಮೊಮ್ಮಗಳನ್ನು ನನ್ನ ದವಾಖಾನೆಗೇ ತರುವವಳು.

"ನೀವು ಇಲ್ಲಿ ಹೇಗೆ ಅಜ್ಜಿ?"

"ಪ್ರತಿ ವರ್ಷ ಬತ್ತೆ" ಎಂದಳು. "ಕೂಸು ಬದುಕಿದ ದಿನಕ್ಕೆ. ಎಂತಕ್ಕೆ ಬಂದೆ ಹೇಳಿ ಪ್ರತಿ ವರ್ಷ ಕೇಳ್ತಿದ್ರು. ನಾ ಹೇಳ್ಲೇ ಇಲ್ಲ. ಈ ದಾರೀಲಿ ಹೋಗ್ತಿದ್ದೆ, ಮೀನು ಮಿಕ್ಕಿತ್ತು ಅಂತಿದ್ದೆ."

"ನಿಮಗೆ ಗೊತ್ತಿತ್ತಾ?"

"ಪರದೆಯ ಆಚೆ ನಾನೇ ಅಲ್ರಾ ನಿಂತದ್ದು? ಪೂರಾ ಕೇಳ್ದೆ. ಪರದೆ ಸಂದಿಯಿಂದ ನೋಡ್ದೆ ಕೂಡ."

ಊರಿನವರನ್ನೆಲ್ಲ ಸಂಶಯದಿಂದ ನೋಡಿದ ಆ ಮನುಷ್ಯ, ಎರಡು ಮಾರು ದೂರದಲ್ಲಿ ಬಟ್ಟೆಯ ಹಿಂದೆ ನಿಂತ ಮುದುಕಿಯನ್ನು ಸಂಶಯಿಸಿರಲಿಲ್ಲ. ನಾನೂ ಸಂಶಯಿಸಿರಲಿಲ್ಲ. ಅವಳಿಗೆ ಎಲ್ಲ ಗೊತ್ತಿದ್ದೂ ನಾನು ಇಷ್ಟು ವರ್ಷ ಅವಳ ಕೈಯಿಂದ ನಮಸ್ಕಾರ ಪಡೆದಿದ್ದೆ. ಭೂಮಿ ಬಾಯಿಬಿಟ್ಟರೆ ಇಳಿದುಹೋಗುತ್ತಿದ್ದೆ.

"ಗೊತ್ತಿದ್ದೂ ಕೂಸನ್ನು ನನ್ನ ಹತ್ತಿರವೇ ಯಾಕೆ ತಂದಿರಿ?" ಎಂದು ಕೇಳಿದೆ.

ಅಜ್ಜಿ ಹುಡುಗಿಯ ತಲೆ ಸವರಿದಳು. "ನೀವು ಸೂಜಿ ಕೆಳಗಿಟ್ರಿ ಅಲ್ರಾ. ಕಲ್ತವ್ರು, ಕೈ ಕೆಳಗಿನವ್ರ ಮಾತಿಗೆ ಎತ್ತಿದ್ದನ್ನ ಕೆಳಗಿಟ್ಟದ್ದು ನಾ ಮತ್ತೆಲ್ಲೂ ನೋಡ್ಲಿಲ್ಲ."

ನಾನು ಜಗಲಿಯ ಮೇಲೆ ಕೂತು ಅತ್ತೆ. ಮಾಮನ ಹೆಂಡತಿ ಚಹಾ ತಂದವರು ಗಾಬರಿಯಾಗಿ, "ಎಂತ ಆಯ್ತು? ಎಂತ ಸೂಜಿ?" ಎಂದು ಒಬ್ಬರಾದ ಮೇಲೆ ಒಬ್ಬರ ಮುಖ ನೋಡಿದರು. ಮಾಮ ಮನೆಯಲ್ಲಿಯೂ ಹೇಳಿರಲಿಲ್ಲ. ನಾನು ಕಣ್ಣೊರೆಸಿಕೊಂಡು, ಆ ಭಾನುವಾರದಿಂದ ಶುರುಮಾಡಿ ಹೇಳತೊಡಗಿದೆ. ನಾನು ತಪ್ಪಿದಲ್ಲೆಲ್ಲ ಅಜ್ಜಿ ತಿದ್ದುತ್ತಿದ್ದಳು.